ಸೂಗಮ್ಮನ ಜರ್ಮನ್ ಗಿಲಾಸು

ದೇವದುರ್ಗದಲ್ಲಿ ಸೂಗಮ್ಮ ಎಂದು ಕೇಳಿದರೆ ಹತ್ತು ಮಂದಿ ಸಿಗುತ್ತಾರೆ. ಸೇಂದಿ ಸೂಗಮ್ಮ ಎಂದು ಕೇಳಿದರೆ ಬಸ್ ಸ್ಟ್ಯಾಂಡಿನ ಆಟೋದವರೇ ನಿಮ್ಮನ್ನು ಕರೆತಂದು ಆಕೆಯ ಮನೆ ಮುಂದೆ ಇಳಿಸುತ್ತಾರೆ. ಸೇಂದಿ ಮಾರುವುದನ್ನು ಬಿಟ್ಟು ಎರಡು ವರ್ಷವಾದರೂ ಹೆಸರು ಆಕೆಯನ್ನು ಬಿಟ್ಟಿಲ್ಲ. ಹೊಸದಾಗಿ ಬಂದ ಆರೋಗ್ಯ ಇಲಾಖೆಯ ಸಾಹೇಬರೊಬ್ಬರು ಬಹಳ ಮರ್ಯಾದೆಯಿಂದ ‘ಸೂಗಮ್ಮನವರೇ’ ಎಂದು ಕರೆದರೆ, ಆಕೆ ಹಿಂದೆ ತಿರುಗಿ ಇನ್ಯಾರನ್ನೋ ಕರೆಯುತ್ತಿದ್ದಾರೆಂದು ಹುಡುಕಿದಳಂತೆ.

ಐವತ್ತೆರಡರ ಹೆಂಗಸು. ಆಳು ಗಿಡ್ಡ, ದನಿ ದೊಡ್ಡದು. ಬಗಲಿನ ಬಟ್ಟೆ ಚೀಲದಲ್ಲಿ ಎಲೆ ಅಡಿಕೆಯ ಸಂಚಿ, ಬಸ್ಸಿನಲ್ಲಿ ತೋರಿಸುವ ಆಧಾರ್ ಕಾರ್ಡು, ಮತ್ತೆ ಒಂದು ಜರ್ಮನ್ ಗಿಲಾಸು. ಅಲ್ಯೂಮಿನಿಯಮ್ಮಿಗೆ ಈ ಸೀಮೆಯಲ್ಲಿ ಜರ್ಮನ್ ಎಂದೇ ಹೆಸರು. ಗಿಲಾಸಿನ ಅಂಚು ಒಂದು ಕಡೆ ನೆಗ್ಗಿದೆ, ತಳ ಕಪ್ಪಾಗಿದೆ. ಗುಜರಿಯವನು ಕೂಡ ಮೂಸಿ ನೋಡದ ಮಾಲು. ಆದರೆ ರಾಯಚೂರಿನ ದೊಡ್ಡ ಸಭೆಯೊಂದರಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳು ಆ ಗಿಲಾಸನ್ನು ಕೈಯಿಂದ ಕೈಗೆ ದಾಟಿಸಿ ನೋಡಿದ್ದಾರೆ. ಅದು ಹೇಗಾಯಿತೆಂದು ಹೇಳಬೇಕಾದರೆ ಆಕೆಯ ತಮ್ಮನಿಂದ ಶುರು ಮಾಡಬೇಕು.

ತಮ್ಮನ ಹೆಸರು ಮೂಕಪ್ಪ. ಅವರವ್ವ ಸತ್ತಾಗ ಸೂಗಮ್ಮನಿಗೆ ಹದಿಮೂರು, ಅವನಿಗೆ ಒಂದೂವರೆ ವರ್ಷ. ಅಪ್ಪ ದುಡಿಯಲು ಹೋದವನು ಎಲ್ಲಿ ಹೋದನೆಂದು ಯಾರಿಗೂ ಗೊತ್ತಿಲ್ಲ. ಹತ್ತಿ ಬಿಡಿಸಲು ಹೋದರೆ ಆ ದಿನದ ಊಟ, ಹೋಗದಿದ್ದರೆ ಇಲ್ಲ. ಅಳುವ ಕೂಸನ್ನು ಕಟ್ಟಿಕೊಂಡು ಹೋದರೆ ಹೊಲದವರು ಸೇರಿಸುವುದಿಲ್ಲ. ಆಗ ಓಣಿಯ ಹಿರಿಯರೇ ದಾರಿ ತೋರಿಸಿದರು: ಮುಂಜಾನೆ ಒಂದು ಚಮಚ ಸೇಂದಿ ಬಾಯಿಗೆ ಬಿಟ್ಟರೆ ಕೂಸು ಮಧ್ಯಾಹ್ನದವರೆಗೆ ಮಲಗುತ್ತದೆ. ಸೂಗಮ್ಮ ಬಿಟ್ಟಳು. ಅದು ತಪ್ಪೆಂದು ಹೇಳುವವರು ಯಾರೂ ಇರಲಿಲ್ಲ. ಹೇಳಬೇಕಾದವರೆಲ್ಲ ತಮ್ಮ ಕೂಸುಗಳಿಗೂ ಕುಡಿಸಿಯೇ ಹೊಲಕ್ಕೆ ಹೋಗಿದ್ದರು.

ಅದು ಈಚಲು ಗಿಡದಿಂದ ಇಳಿಸಿದ ಸೇಂದಿ. ಆಮೇಲೆ ಸರಕಾರ ಸೇಂದಿಯನ್ನು ಬಂದ್ ಮಾಡಿತು. ಬಂದ್ ಆದದ್ದು ಗಿಡದ ಸೇಂದಿ ಮಾತ್ರ. ಕುಡಿಯುವ ಬಾಯಿ ಬಂದ್ ಆಗಲಿಲ್ಲವಲ್ಲ? ಗಡಿಯಾಚೆಯಿಂದ ಬಿಳಿ ಪುಡಿ ಬರತೊಡಗಿತು. ಅದಕ್ಕೆ ಸಿ.ಎಚ್. ಪೌಡರ್ ಎಂದು ಹೆಸರು, ನಿದ್ದೆ ಬರಿಸುವ ಕ್ಲೋರಲ್ ಹೈಡ್ರೇಟ್. ನೀರು, ಸ್ಯಾಕರಿನ್, ಒಂದಿಷ್ಟು ಹುಳಿ, ಮೇಲೆ ಆ ಪುಡಿ. ನೋಡಲು ಸೇಂದಿ, ನೊರೆಯೂ ಸೇಂದಿಯದೇ, ಈಚಲು ಗಿಡ ಮಾತ್ರ ಹತ್ತು ಹರದಾರಿಯಲ್ಲಿ ಇಲ್ಲ. ಇದೇ ಕಾಲಕ್ಕೆ ಮುಖ್ಯ ರಸ್ತೆಯಲ್ಲಿ ಪರವಾನಗಿಯ ಬ್ರಾಂದಿ ಅಂಗಡಿ ತೆರೆಯಿತು, ಅದರ ಎದುರಿನ ಗೋಡೆಗೆ ‘ಕುಡಿತ ಬಿಡಿ, ಸಂಸಾರ ಉಳಿಸಿ’ ಎಂದು ಸರಕಾರವೇ ಬಣ್ಣ ಹಚ್ಚಿಸಿತು. ಬಿಟ್ಟವನ ಗತಿ ಏನೆಂದು ಮಾತ್ರ ಯಾವ ಗೋಡೆಯ ಮೇಲೂ ಬರೆಸಲಿಲ್ಲ.

ಸೂಗಮ್ಮನನ್ನು ಗಬ್ಬೂರಿಗೆ ಕೊಟ್ಟಿದ್ದರು. ಗಂಡ ಆರು ವರ್ಷಕ್ಕೆ ತೀರಿಕೊಂಡ. ಮಕ್ಕಳಿಲ್ಲ. ತಮ್ಮನ ಕೈ ಹಿಡಿದುಕೊಂಡು ದೇವದುರ್ಗಕ್ಕೆ ವಾಪಸು ಬಂದವಳು ಕೂಲಿ ಮಾಡಿದಳು, ಸಂತೆಯಲ್ಲಿ ಉಳ್ಳಾಗಡ್ಡಿ ಮಾರಿದಳು, ಕೊನೆಗೆ ಸೇಂದಿಗೆ ಇಳಿದಳು. ಹದಿನೈದು ವರ್ಷ ಆ ಜರ್ಮನ್ ಗಿಲಾಸಿನಿಂದ ಅಳೆದು ಹಾಕಿದಳು. ಯಾರಾದರೂ ಕೇಳಿದರೆ ‘ಗಿಡದ್ದು’ ಎನ್ನುತ್ತಿದ್ದಳು. ಮೊದಮೊದಲು ಹಾಗೆ ಹೇಳುವಾಗ ನಾಲಿಗೆ ತೊದಲುತ್ತಿತ್ತು, ಆಮೇಲೆ ಅದೂ ನಿಂತಿತು.

ಮೂಕಪ್ಪ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಎತ್ತಿನಂಥ ಆಳು, ಮಾತು ಕಡಿಮೆ. ಮೂವತ್ತೈದಕ್ಕೆ ಕೈ ನಡುಗಲು ಶುರುವಾಯಿತು. ಒಂದು ದಿನ ಹತ್ತಿ ತುಂಬಿದ ಅಂಡಿಗೆ ಕೈತಪ್ಪಿ ಇನ್ನೊಬ್ಬನ ಕಾಲ ಹತ್ತಿರ ಬಿದ್ದ ಮೇಲೆ ಮಿಲ್ಲಿನವರು ಬರಬೇಡ ಎಂದರು. ಅಕ್ಕನ ಮನೆಗೆ ಬಂದು ಕುಳಿತ. ಮುಂಜಾನೆ ಎದ್ದು ಚಹಾದ ಕಪ್ಪು ಹಿಡಿದರೆ ಅರ್ಧ ಚಹಾ ಕೆಳಗಿನ ಬಸಿಗೆ ಚೆಲ್ಲುತ್ತಿತ್ತು. ಒಂದು ಗಿಲಾಸು ಸೇಂದಿ ಒಳಗೆ ಹೋದ ಮೇಲೆಯೇ ಆ ಕೈ ಕೈಯಾಗುತ್ತಿತ್ತು. ಆ ಗಿಲಾಸನ್ನು ಹಾಕುತ್ತಿದ್ದವಳು ಅಕ್ಕನೇ. ದಿನಕ್ಕೆ ಏಳು ಗಿಲಾಸು.

ಓಣಿಯಲ್ಲಿ ಹುಲಿಗೇಶ ಎಂಬ ಗಾರೆ ಕೆಲಸದವನಿದ್ದ. ತಂಗಿಯ ಮದುವೆಯಲ್ಲಿ ಬೀಗರ ಮುಂದೆ ಮಾನ ಹೋಗಬಾರದೆಂದು ಒಮ್ಮೆಲೇ ಕುಡಿಯುವುದನ್ನು ನಿಲ್ಲಿಸಿದ. ಮೂರನೆಯ ದಿನ ಚಪ್ಪರದ ಕೆಳಗೆ ಬಿದ್ದು ಒದ್ದಾಡಿ ಸತ್ತ. ಕೃಷ್ಣಾ ಹೊಳೆಯ ದಂಡೆಯಲ್ಲಿ ಗಾಳಿ ಸೋಕಿತು ಎಂದರು. ಮನೆಯ ಉಳಿದವರಿಗೆ ತಡೆ ಒಡೆಸಿದರು, ಲಿಂಬೆಹಣ್ಣು ಕೊಯ್ದರು. ಸೂಗಮ್ಮ ಆವತ್ತು ಅವನ ಬಲಗೈಯನ್ನು ನೋಡಿದ್ದಳು. ಹೆಬ್ಬೆರಳು ಒಳಗೆ ಮಡಚಿ, ಅದರ ಮೇಲೆ ನಾಲ್ಕೂ ಬೆರಳು ಬಿಗಿದಿದ್ದವು. ಹಿಂದೊಮ್ಮೆ ಮೂರು ದಿನ ಪುಡಿ ಬಾರದೆ ಹೋದಾಗ ಇಬ್ಬರು ಗಿರಾಕಿಗಳು ಹೀಗೆಯೇ ಕೈ ಬಿಗಿದುಕೊಂಡು ಬಿದ್ದದ್ದನ್ನೂ, ಪುಡಿ ಬಂದು ಒಂದು ಗಿಲಾಸು ಹಾಕಿದ ಮೇಲೆ ಎದ್ದು ಕುಳಿತದ್ದನ್ನೂ ಆಕೆ ಕಂಡಿದ್ದಳು. ಆಕೆಗೆ ಎಲ್ಲ ತಿಳಿಯಿತು. ಬಾಯಿ ಬಿಡಲಿಲ್ಲ. ಇದನ್ನು ಯಾರೇ ಹೇಳಲಿ, ಸೂಗಮ್ಮನೇ ಹೇಳಲಿ, ಮುಚ್ಚಿಡುವ ಮಾತಲ್ಲ: ಆಗ ಬಾಯಿ ಬಿಡದಿದ್ದದ್ದು ಆಕೆಯ ಪಾಪ.

ಎರಡು ವರ್ಷದ ಹಿಂದೆ, ಮೊಹರಂ ಚಂದ್ರ ಕಾಣುವ ದಿನ ಮುಂಜಾನೆ, ಅಬಕಾರಿಯವರ ಜೀಪು ಬಂತು. ಬಿಂದಿಗೆ ಉರುಳಿಸಿದರು, ಒಳಗಿನ ಪುಡಿಯ ಗಂಟನ್ನು ಓಣಿಯವರು ನೋಡುವ ಮೊದಲೇ ಜೀಪಿಗೆ ಹಾಕಿದರು, ಸೂಗಮ್ಮನನ್ನು ಸ್ಟೇಷನ್ನಿಗೆ ಒಯ್ದು ಸಹಿ ಮಾಡಿಸಿಕೊಂಡು ಸಂಜೆಗೆ ಬಿಟ್ಟರು. ಗಡಿಯ ಕಡೆಯ ದಾರಿಯನ್ನೂ ಕಟ್ಟಿದರು. ಜೀಪಿನ ಮೈಕಿನಲ್ಲಿ ಸಾಹೇಬರು ಒಳ್ಳೆಯ ಭಾಷಣ ಮಾಡಿದರು. ಇನ್ನು ಮೇಲೆ ಈ ಓಣಿಯಲ್ಲಿ ಹನಿ ಸೇಂದಿ ಸಿಗುವುದಿಲ್ಲ ಎಂದಾಗ ಹೆಂಗಸರು ಚಪ್ಪಾಳೆ ಹೊಡೆದರು. ಜೀಪು ಹೋಯಿತು. ಅದರ ಹಿಂದೆ ಬರಬೇಕಾದದ್ದು ಬರಲಿಲ್ಲ.

ಈ ಕಡೆ ಮೊಹರಂ ಎಂದರೆ ಮುಸಲ್ಮಾನರದು, ಹಿಂದೂಗಳದು ಎಂಬ ಭೇದವಿಲ್ಲ. ಅಲಾಯಿ ದೇವರು ಎಲ್ಲರ ದೇವರು. ಹರಕೆ ಹೊತ್ತವರು ಪೀರುಗಳನ್ನು ಕೂರಿಸುವ ಆಶುರಖಾನೆಯಲ್ಲಿ ಕೊರಳಿಗೆ ಕೆಂಪು ದಾರದ ಲಾಡಿ ಹಾಕಿಸಿಕೊಂಡು ಹತ್ತು ದಿನ ಫಕೀರರಾಗುತ್ತಾರೆ. ಫಕೀರನಾದವನು ಚಪ್ಪಲಿ ಮೆಟ್ಟುವುದಿಲ್ಲ, ಅಮಲು ಮುಟ್ಟುವುದಿಲ್ಲ, ಜೋಳಿಗೆ ಹಿಡಿದು ಐದು ಮನೆ ಬೇಡಿ ಉಣ್ಣುತ್ತಾನೆ. ಹೇಗೂ ಸೇಂದಿ ಸಿಗುವುದಿಲ್ಲ, ದೇವರ ಹೆಸರಲ್ಲೇ ಬಿಡೋಣ ಎಂದು ಆ ವರ್ಷ ಓಣಿಯ ಮೂವತ್ತೊಂದು ಮಂದಿ ಲಾಡಿ ಹಾಕಿಸಿಕೊಂಡರು. ಅವರಲ್ಲಿ ಆರು ಮಂದಿ ಹೆಂಗಸರು. ಲಾಡಿ ಹಾಕಿದವರು ಪೀರುಗಳ ಸೇವೆ ಮಾಡುವ ಮುಜಾವರ ಗುಲಾಮ್ ದಸ್ತಗೀರ್, ಎಪ್ಪತ್ತು ದಾಟಿದ ಹಿರಿಯರು. ಮೂಕಪ್ಪನೂ ಕೊರಳು ಒಡ್ಡಿದ. ಅಕ್ಕನ ಕಡೆ ನೋಡಿ ನಕ್ಕ. ಸೂಗಮ್ಮನಿಗೆ ನಗು ಬರಲಿಲ್ಲ.

ಮೂಕಪ್ಪ ಮೊದಲ ದಿನ ಬೆವರಿದ. ಎರಡನೆಯ ದಿನ ಗೋಡೆಯ ಮೇಲೆ ಇರುವೆ ಸಾಲು ಕಾಣುತ್ತದೆಂದು ಒರೆಸತೊಡಗಿದ, ಗೋಡೆಯಲ್ಲಿ ಏನೂ ಇರಲಿಲ್ಲ. ಸೂಗಮ್ಮ ದೇವರಿಗೆ ಸಕ್ಕರೆ ಹರಕೆ ಹೊತ್ತಳು. ಮೂರನೆಯ ದಿನ ಇಳಿಹೊತ್ತಿಗೆ ಆಶುರಖಾನೆಯ ಮುಂದೆ ಹಲಗೆ ಬಾರಿಸುತ್ತಿದ್ದಾಗ ಮೂಕಪ್ಪನ ಮೈ ಅದುರಿತು. ಕಣ್ಣು ಮೇಲಕ್ಕೆ ಹೋದವು. ಬೆಂಕಿ ಹಾಕುವ ಅಲಾಯಿ ಕುಣಿಯ ಅಂಚಿನಲ್ಲಿ ಬಿದ್ದು ಒದ್ದಾಡತೊಡಗಿದ.

ಜನ ಏನು ತಿಳಿಯಬೇಕು? ಲಾಡಿ ಹಾಕಿದವನು, ಹಲಗೆಯ ಸದ್ದು, ಮೊಹರಂ ತಿಂಗಳು. ದೇವರು ಮೈಮೇಲೆ ಬಂದಿತೆಂದೇ ತಿಳಿದರು. ‘ದೀನ್ ದೀನ್’ ಎಂದು ಕೂಗು ಎದ್ದಿತು. ಒಬ್ಬರು ಲೋಬಾನದ ಹೊಗೆ ಹಾಕಿದರು, ಒಬ್ಬಳು ಅವನ ಪಾದಕ್ಕೆ ನೀರು ಹಾಕಿ ಆಶೀರ್ವಾದಕ್ಕೆಂದು ತನ್ನ ಕೂಸನ್ನು ಅಡ್ಡ ಮಲಗಿಸಲು ಬಂದಳು. ಯಾವ ಪೀರು ಬಂದಿದ್ದೀ, ಈ ವರ್ಷ ಮಳೆ ಹೇಗೆ, ಹೇಳಪ್ಪಾ ಎಂದು ಕೇಳತೊಡಗಿದರು. ಹಲಗೆಯ ಪೆಟ್ಟು ಜೋರಾಯಿತು. ಮೂಕಪ್ಪನ ಬಾಯಲ್ಲಿ ರಕ್ತ ಬಂತು, ನಾಲಿಗೆ ಕಚ್ಚಿಕೊಂಡಿದ್ದ.

ಸೂಗಮ್ಮ ಅವನ ಬಲಗೈಯನ್ನು ನೋಡಿದಳು. ಹೆಬ್ಬೆರಳು ಒಳಗೆ ಮಡಚಿತ್ತು.

ಇದು ದೇವರಾದರೆ ಕೈ ಮುಗಿದು ನಿಲ್ಲಬೇಕು. ಇದು ಪುಡಿಯಾದರೆ ಈಗಿಂದೀಗ ಒಯ್ಯಬೇಕು. ಪುಡಿ ಎಂದು ಹೇಳಿದರೆ ಹದಿನೈದು ವರ್ಷದ ಸುಳ್ಳು ಬಯಲಾಗುತ್ತದೆ, ಸಹಿ ಮಾಡಿದ ಕೇಸಿನ ಮೇಲೆ ಇನ್ನೊಂದು ಬೀಳುತ್ತದೆ, ಹುಲಿಗೇಶನ ಹೆಂಡತಿ ಎದುರಿಗೇ ನಿಂತಿದ್ದಾಳೆ. ಹೇಳದಿದ್ದರೆ ಚಮಚದಿಂದ ಕುಡಿಸಿ ಬೆಳೆಸಿದ ತಮ್ಮ ಎಲ್ಲರ ಕೈಮುಗಿತದ ನಡುವೆ ದೇವರಾಗಿಯೇ ಸಾಯುತ್ತಾನೆ. ಸೂಗಮ್ಮ ಹಲಗೆಯವನ ಕೈಯಿಂದ ಕೋಲು ಕಿತ್ತುಕೊಂಡಳು.

“ಇದು ದೇವ್ರಲ್ಲ. ಇದು ನಾ ಹಾಕಿದ ಪುಡಿ,” ಎಂದಳು.

ಗದ್ದಲ ನಿಂತಿತು. ದಸ್ತಗೀರ್ ಮುಜಾವರರು ಮುಂದೆ ಬಂದು, ಏನು ಹೇಳುತ್ತಿದ್ದೀ ಎಂದು ಕೇಳಿದರು.

“ಗಿಡದ್ದು ಅಂತ ಸುಳ್ಳ ಹೇಳೀನ್ರೀ ಯಪ್ಪಾ. ಹದಿನೈದು ವರ್ಷ ಪುಡಿ ಕುಡಿಸೀನಿ. ಒಮ್ಮೆಲೇ ಬಿಟ್ರ ಹಿಂಗ ಆಕ್ಕತಿ. ಹುಲಿಗೇಶನೂ ಹಿಂಗ ಹೋದ, ಗಾಳಿ ಸೋಕಿ ಅಲ್ಲ. ನನಗ ಆಮ್ಯಾಲ ಏನರ ಮಾಡ್ರಿ. ಮೊದ್ಲ ಇವನ್ನ ದವಾಖಾನಿಗೆ ಒಯ್ಯೂಣು.”

ಯಾರೂ ಅಲುಗಲಿಲ್ಲ. ಒಬ್ಬ ಕಲ್ಲು ಎತ್ತಿಕೊಂಡ ಎಂದು ಈಗಲೂ ಹೇಳುವವರಿದ್ದಾರೆ. ಹುಲಿಗೇಶನ ಹೆಂಡತಿ ಗುಂಪಿನಿಂದ ಹೊರಗೆ ಬಂದು ಸೂಗಮ್ಮನ ಮುಖವನ್ನೇ ನೋಡುತ್ತ ನಿಂತಳು. ಬಗ್ಗಿ ಮೂಕಪ್ಪನ ಎರಡೂ ಕಾಲು ಹಿಡಿದಳು. ಸೂಗಮ್ಮ ಹೆಗಲು ಹಿಡಿದಳು. ಇಬ್ಬರು ಹೆಂಗಸರು ಆ ಎತ್ತಿನಂಥ ಆಳನ್ನು ಎತ್ತುವುದನ್ನು ನೋಡಿದ ಮೇಲೆ ಗಂಡಸರಿಗೆ ನಾಚಿಕೆಯಾಗಿ ಆಟೋ ತಂದರು.

ತಾಲೂಕು ಆಸ್ಪತ್ರೆಯಲ್ಲಿ ನರ್ಸ್ ಜಬೀನ್ ಇದ್ದಳು, ಮಾನ್ವಿಯ ಹುಡುಗಿ, ಚುರುಕು ಕೈ. ಡ್ಯೂಟಿ ಡಾಕ್ಟರು ಹೇಳುವುದಕ್ಕೂ ಅವಳು ಸೂಜಿ ಹಾಕುವುದಕ್ಕೂ ಹೊತ್ತೇ ಆಗಲಿಲ್ಲ. ಮೂಕಪ್ಪನ ಮುಷ್ಟಿ ಸಡಿಲಾಯಿತು. ಮರುದಿನ ಮಂಗಳವಾರ. ವಾರಕ್ಕೊಮ್ಮೆ ರಾಯಚೂರಿನಿಂದ ಬರುವ ಮನೋರೋಗದ ಡಾಕ್ಟರು ಸೈಫುದ್ದೀನ್ ಬಂದರು. ಸಣ್ಣ ವಯಸ್ಸು, ತಾಳ್ಮೆಯ ಮನುಷ್ಯ. ಎಲ್ಲ ಕೇಳಿಸಿಕೊಂಡು, ಇಂಥವರು ಇನ್ನೂ ಎಷ್ಟು ಮಂದಿ ಇದ್ದಾರೆಂದರು. ಮೂವತ್ತು ಎಂದಾಗ ಅವರ ಮುಖ ಇಳಿಯಿತು. ಇದು ಸುಮ್ಮನೆ ಬಿಡುವ ಚಟವಲ್ಲ, ಮೆಟ್ಟಿಲು ಮೆಟ್ಟಿಲು ಇಳಿಸಬೇಕು, ಇಳಿಸಲು ಮಾತ್ರೆ ಇದೆ ಎಂದರು. ಆದರೆ ಯಾರಿಗೆ ಎಷ್ಟು ಮಾತ್ರೆ ಎಂಬುದು, ಯಾರು ಎಷ್ಟು ಕುಡಿಯುತ್ತಿದ್ದರು ಎಂಬುದರ ಮೇಲೆ ಹೋಗುತ್ತದೆ. ಯಾರು ಇವತ್ತೇ ಬೀಳಬಹುದು, ಯಾರು ತಡೆದಾರು ಎಂದು ಗೊತ್ತಾಗಬೇಕು.

ಕುಡಿದವರನ್ನು ಕರೆದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಸ್ವಲ್ಪ. ದಿನವಿಡೀ ಸೇಂದಿಯಲ್ಲೇ ಈಜುತ್ತಿದ್ದವನೂ ಸ್ವಲ್ಪ ಎಂದ. ಹೆಂಡತಿಯರನ್ನು ಕೇಳಿದರೆ ಬೈಗುಳ ಸಿಕ್ಕಿತೇ ಹೊರತು ಲೆಕ್ಕ ಸಿಗಲಿಲ್ಲ. ಬಾಗಿಲ ಹತ್ತಿರ ಕುಳಿತಿದ್ದ ಸೂಗಮ್ಮ ಎದ್ದು ಬಂದಳು.

“ಅವ್ರಿಗೇನ ಗೊತ್ತದ್ರೀ? ಹಾಕಾಕಿ ನಾನು. ಬರಕೋರ್ರಿ,” ಎಂದಳು.

ಅಷ್ಟು ಹೊತ್ತಿಗೆ ಸ್ಟೇಷನ್ನಿನಿಂದ ಪೇದೆಯೊಬ್ಬ ಬಂದು ನಿಂತಿದ್ದ. ಅವನೂ ಕಾಗದ ತೆಗೆದ. ನೀನು ಈಗ ಹೇಳುವುದೆಲ್ಲ ನಿನ್ನ ಮೇಲೆಯೇ ಬರುತ್ತದೆ ಎಂದು ಎಚ್ಚರಿಸಿದ. ಅವನದೂ ತಪ್ಪಿಲ್ಲ. ಸೂಗಮ್ಮ ಅವನಿಗೆ ಹೇಳಿದ ಮಾತು ಈಗ ದೇವದುರ್ಗದಲ್ಲಿ ಗಾದೆಯಂತಾಗಿದೆ.

“ನೀವೂ ಬರಕೋರಿ ಸಾಹೇಬ್ರ. ಆದ್ರ ಮೊದ್ಲ ನರ್ಸಮ್ಮ ಬರೀಲಿ, ಆಮ್ಯಾಲ ನೀವು.”

ಆಕೆ ಶುರು ಮಾಡಿದಳು. ಹೆಸರು, ಎಷ್ಟು ವರ್ಷದಿಂದ, ಮುಂಜಾನೆ ಎಷ್ಟು, ಸಂಜೆ ಎಷ್ಟು, ಹಬ್ಬದ ದಿನ ಎಷ್ಟು, ಯಾರಿಗೆ ಸೇಂದಿ ಇಲ್ಲದೆ ಎಷ್ಟು ಹೊತ್ತಿಗೆ ಕೈ ನಡುಗುತ್ತದೆ. ಮೂವತ್ತೊಂದು ಮಂದಿಯನ್ನೂ ಎಲ್ಲೂ ತಡವರಿಸದೆ ಹೇಳಿದಳು. ಶಾಲೆಯ ಮುಖ ನೋಡಿದ್ದು ಎರಡೇ ವರ್ಷ, ನೆನಪು ಮಾತ್ರ ಕಲ್ಲಿನಲ್ಲಿ ಕೊರೆದ ಹಾಗೆ. ಜಬೀನಳ ಪೆನ್ನು ಹಿಂದೆ ಬಿತ್ತು. ಡಾಕ್ಟರು ನಡುವೆ ತಡೆದು, ಗಿಲಾಸು ಎಂದರೆ ಎಷ್ಟು ದೊಡ್ಡದು ಎಂದರು. ಸೂಗಮ್ಮ ಮನೆಗೆ ಓಡಿಹೋಗಿ ಜರ್ಮನ್ ಗಿಲಾಸನ್ನು ತಂದಳು. ಅಬಕಾರಿಯವರು ಬಿಂದಿಗೆಯನ್ನೆಲ್ಲ ಒಯ್ದಿದ್ದರು, ನೆಗ್ಗಿದ ಗಿಲಾಸನ್ನು ಯಾರು ಒಯ್ಯುತ್ತಾರೆ? ಡಾಕ್ಟರು ಅದರಲ್ಲಿ ನೀರು ತುಂಬಿಸಿ, ಔಷಧದ ಅಳತೆಯ ಜಾಡಿಗೆ ಸುರಿದು ನೋಡಿದರು. ಆ ನೆಗ್ಗಿದ ಗಿಲಾಸೇ ಇಡೀ ಓಣಿಯ ಚಿಕಿತ್ಸೆಗೆ ಅಳತೆಯಾಯಿತು.

ಬಹಳ ಅಪಾಯದಲ್ಲಿದ್ದ ಐವರನ್ನು ಅವತ್ತೇ ಆಂಬುಲೆನ್ಸಿನಲ್ಲಿ ರಾಯಚೂರಿಗೆ ಕಳಿಸಿದರು. ಮೂಕಪ್ಪ ಅವರಲ್ಲಿ ಒಬ್ಬ. ಸೂಗಮ್ಮನಿಗೂ ಹೋಗಬೇಕೆನಿಸಿತು, ಹೋಗಲಾಗಲಿಲ್ಲ. ಯಾಕೆಂದರೆ ಉಳಿದ ಇಪ್ಪತ್ತಾರು ಮಂದಿ ಹೊಸ ತಕರಾರು ತೆಗೆದರು: ಮಾತ್ರೆ ನುಂಗುವುದಿಲ್ಲ.

ತಕರಾರಿನಲ್ಲಿ ಅರ್ಥವಿತ್ತು, ಅದೇ ತೊಂದರೆ. ಲಾಡಿ ಹಾಕಿದವರು ಅಮಲು ಮುಟ್ಟಬಾರದು. ಈ ಮಾತ್ರೆ ನುಂಗಿದರೆ ಕಣ್ಣು ಎಳೆಯುತ್ತದೆ, ತಲೆ ತೂಗುತ್ತದೆ, ಅಂದ ಮೇಲೆ ಇದೂ ಅಮಲೇ. ಸೇಂದಿ ಬಿಟ್ಟು ಮಾತ್ರೆ ನುಂಗಿದರೆ ದೇವರ ಮುಂದೆ ಮಾಡಿದ ಆಣೆ ಎಲ್ಲಿ ಉಳಿಯಿತು? ಅದರಲ್ಲೂ ಸೇಂದಿ ಹಾಕಿದವಳೇ ಈಗ ಮಾತ್ರೆ ನುಂಗು ಎನ್ನುತ್ತಾಳೆ. ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ ಎಂಬ ಹಾಗಾಯಿತು. ಡಾಕ್ಟರು ವಿವರಿಸಿದರು, ಜಬೀನ್ ಬೇಡಿಕೊಂಡಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಎಲ್ಲರೂ ದಸ್ತಗೀರ್ ಮುಜಾವರರ ಕಡೆ ತಿರುಗಿದರು. ಅವರು ಗಡ್ಡ ನೀವಿಕೊಂಡು, ಲಾಡಿಯನ್ನು ನಡುವೆ ತೆಗೆಯಲಾರೆ, ಆಣೆ ಮುರಿ ಎಂದೂ ಹೇಳಲಾರೆ ಎಂದರು.

ಸೂಗಮ್ಮ ಮನೆಗೆ ಬಂದು ಹೊಸ್ತಿಲ ಮೇಲೆ ಕುಳಿತಳು. ಯಾರಾದರೂ ಯಾವ ಹೊತ್ತಿಗೂ ಬೀಳಬಹುದು. ಆಗ ಫಕೀರನೊಬ್ಬ ಭಿಕ್ಷೆಗೆ ಬಂದ, ಅವಳ ಹಳೆಯ ಗಿರಾಕಿಯೇ. ಬೈದುಕೊಂಡೇ ಬಂದಿದ್ದ, ಆದರೆ ಐದು ಮನೆ ಬೇಡಲೇಬೇಕು, ಆಕೆಯ ಮನೆ ಐದನೆಯದು. ಸೂಗಮ್ಮ ಒಳಗಿಂದ ರೊಟ್ಟಿ ತಂದು ಹಾಕಿದಳು. ನಿನ್ನೆಯದು, ಒಣಗಿ ಚಕ್ಕಳವಾಗಿತ್ತು. ಅವನು ಮುಖ ಸಿಂಡರಿಸಿದ, ಒಲ್ಲೆ ಎನ್ನಲಿಲ್ಲ. ಸೂಗಮ್ಮ ಅವನ ಹಿಂದೆಯೇ ಎದ್ದು ಆಶುರಖಾನೆಗೆ ನಡೆದಳು.

“ಯಪ್ಪಾ, ಫಕೀರ ಜೋಳಗಿಗೆ ಬಿದ್ದದ್ದನ್ನ ಒಲ್ಲೆ ಅನ್ನಬೌದೇನ್ರಿ?”

ಅನ್ನುವಂತಿಲ್ಲ ಎಂದರು ಮುಜಾವರರು. ಕಲ್ಲು ಬಿದ್ದರೂ ಕಣ್ಣಿಗೊತ್ತಿಕೊಳ್ಳಬೇಕು. ಹೇಳಿ ಮುಗಿಸುವಷ್ಟರಲ್ಲಿ ಮುದುಕರಿಗೆ ವಿಷಯ ಹೊಳೆಯಿತು. ಹೊಟ್ಟೆ ಕುಲುಕಿಸಿ ನಕ್ಕರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದರೆ ಇದೇ.

ಮರುದಿನ ಮುಂಜಾನೆ ಸೂಗಮ್ಮನ ಹೊಸ್ತಿಲಲ್ಲಿ ಜಬೀನ್ ಮಾತ್ರೆಯ ಡಬ್ಬಿ, ಹೆಸರಿನ ಪಟ್ಟಿ ಇಟ್ಟುಕೊಂಡು ಕುಳಿತಳು. ಮೊದಲು ಬಂದವರು ಸ್ವತಃ ದಸ್ತಗೀರ್. ಕೊರಳಲ್ಲಿ ಲಾಡಿ, ಕೈಯಲ್ಲಿ ಜೋಳಿಗೆ. ಇಡೀ ಓಣಿ ನೋಡುತ್ತಿತ್ತು. ಜಬೀನ್ ಜೋಳಿಗೆಗೆ ಒಂದು ಮಾತ್ರೆ ಹಾಕಿದಳು. ಅವರು ಅದನ್ನು ಕಣ್ಣಿಗೊತ್ತಿಕೊಂಡು ನುಂಗಿ ನೀರು ಕುಡಿದರು. ಅದು ಅವರ ಬಿ.ಪಿ. ಮಾತ್ರೆಯೇ. ಹಬ್ಬದ ಹತ್ತು ದಿನ ಅದನ್ನು ನುಂಗದೆ ತಪ್ಪಿಸಿಕೊಳ್ಳುತ್ತಿದ್ದರೆಂದು ಮನೆಯವರು ಜಬೀನಳ ಹತ್ತಿರ ದೂರು ಕೊಟ್ಟಿದ್ದರು. ಮುಜಾವರರ ಹಿಂದೆ ಒಬ್ಬ ಬಂದ, ಅವನ ಹಿಂದೆ ಇನ್ನೊಬ್ಬಳು. ಹೊತ್ತು ಏರುವುದರೊಳಗೆ ಇಪ್ಪತ್ತಾರು ಜೋಳಿಗೆಗಳೂ ಬಂದು ಹೋದವು. ಸಂಜೆ ಮತ್ತೆ ಬಂದವು. ಜಬೀನ್ ಪ್ರತಿಯೊಬ್ಬರ ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ, ನುಂಗಿದ್ದು ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಪೀರಿಗೂ ಇಷ್ಟು ಹೆದರಿರಲಿಲ್ಲ ಎಂದು ಒಬ್ಬ ಗೊಣಗಿದ.

ಹತ್ತನೆಯ ದಿನ ದೇವರು ಹೊಳೆಗೆ ಹೋದವು. ಅಂದು ಲಾಡಿ ಬಿಚ್ಚುವುದು ಪದ್ಧತಿ. ಬಿಚ್ಚಿದ ಕೂಡಲೇ ಹತ್ತು ದಿನದ ಬಾಕಿ ತೀರಿಸಿಕೊಳ್ಳಲು ಗಂಡಸರು ಬ್ರಾಂದಿ ಅಂಗಡಿಗೆ ನುಗ್ಗುವುದೂ ಪದ್ಧತಿಯೇ. ಡಾಕ್ಟರ ಮಾತ್ರೆಯ ಮೆಟ್ಟಿಲು ಇನ್ನೂ ಅರ್ಧವೂ ಇಳಿದಿರಲಿಲ್ಲ. ಈ ಸಲ ಸೂಗಮ್ಮ ಏನೂ ಕೇಳಬೇಕಾಗಲಿಲ್ಲ. ಈ ವರ್ಷದ ಲಾಡಿ ಚೇಹಲಮ್ಮಿಗೆ ಬಿಚ್ಚುವುದು ಎಂದು ದಸ್ತಗೀರ್ ತಾವೇ ಸಾರಿದರು. ಚೇಹಲಂ ಎಂದರೆ ಹಬ್ಬ ಮುಗಿದ ನಲವತ್ತನೆಯ ದಿನ. ಗೊಣಗಾಟವಾಯಿತು, ಮುನಿಸಾಯಿತು. ಇಬ್ಬರು ಲಾಡಿ ಕಿತ್ತು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋಗಿಯೂ ಬಿಟ್ಟರು. ಉಳಿದವರ ಜೋಳಿಗೆ ಮಾತ್ರ ಬರುತ್ತಲೇ ಇತ್ತು.

ರಾಯಚೂರಿಗೆ ಹೋದ ಐವರು, ಹೋದ ಒಂಬತ್ತನೆಯ ದಿನ ಬಸ್ಸಿಳಿದರು. ಮೂಕಪ್ಪ ಸೊರಗಿದ್ದ, ಗಲ್ಲ ಒಳಗೆ ಹೋಗಿದ್ದವು. ಮನೆಗೆ ಬಂದವನಿಗೆ ಅಕ್ಕ ಚಹಾ ಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಬಸಿಗೆ ನಾಲ್ಕು ಹನಿ ಬಿದ್ದವು. ನಾಲ್ಕೇ ಹನಿ. ಸೂಗಮ್ಮ ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಸಂತೋಷಕ್ಕೂ ಅಳು ಬರುತ್ತದೆಂದು ಆಕೆಗೆ ಐವತ್ತನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಚೇಹಲಮ್ಮಿನ ದಿನ ಆಶುರಖಾನೆಯ ಅಂಗಳದಲ್ಲಿ ಇಪ್ಪತ್ತೊಂಬತ್ತು ಲಾಡಿಗಳು ಇಳಿದವು. ಓಣಿಯ ಹೆಂಗಸರು ಚೋಂಗಿ ಎಂಬ ಸಿಹಿ ರೊಟ್ಟಿ ಮಾಡಿ ಹಂಚಿದರು. ಮೂವತ್ತೊಂದು ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ಅಂಗಡಿಗೆ ಹೋದ ಇಬ್ಬರಲ್ಲಿ ಒಬ್ಬ ಆಮೇಲೆ ತಾನಾಗಿ ಮಂಗಳವಾರ ಆಸ್ಪತ್ರೆಗೆ ಬಂದ, ಇನ್ನೊಬ್ಬ ಈಗಲೂ ಕುಡಿಯುತ್ತಾನೆ. ಹುಲಿಗೇಶನ ಹೆಂಡತಿ ಒಂದು ಚೋಂಗಿಯನ್ನು ಸೂಗಮ್ಮನ ಕೈಗೆ ಕೊಟ್ಟಳು. ಕ್ಷಮಿಸಿದಳೆಂದು ಅರ್ಥವಲ್ಲ, ಅವಳು ಇವತ್ತಿಗೂ ಹೆಚ್ಚು ಮಾತನಾಡುವುದಿಲ್ಲ. ಆದರೆ ಕೊಟ್ಟಳು.

ಆ ಚಳಿಗಾಲದಲ್ಲಿ ರಾಯಚೂರಿನಲ್ಲಿ ನಶೆ ತಡೆಯುವ ಬಗ್ಗೆ ಜಿಲ್ಲಾ ಮಟ್ಟದ ಸಭೆಯಾಯಿತು. ಡಾಕ್ಟರು ಸೈಫುದ್ದೀನ್ ಸೂಗಮ್ಮನನ್ನು ಕರೆದುಕೊಂಡು ಹೋದರು. ತಂಪು ಕೋಣೆ, ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ. ಎಷ್ಟು ದಾಳಿ ಮಾಡಿದೆವು, ಎಷ್ಟು ಲೀಟರ್ ಚೆಲ್ಲಿದೆವು, ಎಷ್ಟು ಜಾಥಾ ಮಾಡಿದೆವು ಎಂದು ಒಂದೊಂದು ಇಲಾಖೆಯವರು ಓದಿದರು. ಚೆಲ್ಲಿದ ಲೀಟರ್ ಲೆಕ್ಕ ಎಲ್ಲರ ಹತ್ತಿರವೂ ಇತ್ತು, ಕುಡಿದವರ ಲೆಕ್ಕ ಒಬ್ಬರ ಹತ್ತಿರವೂ ಇರಲಿಲ್ಲ. ಸೂಗಮ್ಮನ ಸರದಿ ಬಂದಾಗ ಆಕೆ ಚೀಲದಿಂದ ಗಿಲಾಸು ತೆಗೆದು ಮೇಜಿನ ಮೇಲೆ ಕುಟ್ಟಿದಳು.

“ನೀವು ಬಂದ್ ಮಾಡಿದ್ದು ಚಲೋ ಆತ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಜೀಪು ಬಂದು ಹೋದ ಮೂರನೇ ದಿನ ಮಂದಿ ಬೀಳ್ತಾರ. ಜೀಪಿನ ಹಿಂದ ಒಬ್ಬ ನರ್ಸಮ್ಮನ್ನ ಕಳಸ್ರಿ. ಮತ್ತ ಮಾರಾಕಿನ್ನ ಹಿಡಿದ ಕೂಡ್ಲೇ ಒಳಗ ಹಾಕಬ್ಯಾಡ್ರಿ, ಮೊದ್ಲ ಯಾರಿಗೆ ಎಷ್ಟು ಹಾಕ್ತಿದ್ದಿ ಅಂತ ಕೇಳ್ರಿ. ಊರಾಗ ಅದು ಆಕಿಗೆ ಒಬ್ಬಾಕಿಗೇ ಗೊತ್ತಿರ್ತದ.”

ಗಿಲಾಸು ಕೈಯಿಂದ ಕೈಗೆ ಹೋಯಿತು. ಒಬ್ಬ ಅಧಿಕಾರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೇಲಿನ ಸಾಹೇಬರು ಅಲ್ಲಿಯೇ ಬರೆಸಿದರು: ಇನ್ನು ಸೇಂದಿಯ ಮೇಲೆ ದಾಳಿ ಮಾಡುವ ಊರಿಗೆ ಆರೋಗ್ಯದ ತಂಡ ಜೊತೆಯಲ್ಲೇ ಹೋಗಬೇಕು. ಸರಕಾರ ಕೇಳಿಸಿಕೊಳ್ಳುವುದೇ ಇಲ್ಲ ಎಂದು ಬೈಯುವ ನಾವು, ಅದು ಕೇಳಿಸಿಕೊಂಡ ದಿನವನ್ನೂ ಹೇಳಬೇಕು. ಅಂದು ಕೇಳಿಸಿಕೊಂಡಿತು. ಸೂಗಮ್ಮನ ಕೇಸು ಮಾತ್ರ ದೇವದುರ್ಗದ ಕೋರ್ಟಿನಲ್ಲಿ ಇನ್ನೂ ನಡೆದಿದೆ. ತಾರೀಖಿನ ದಿನ ಆಕೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗಿ ನಿಂತು ಬರುತ್ತಾಳೆ. ಮಾಡಿದ್ದು ಮಾಡಿದ್ದೇ ಎನ್ನುತ್ತಾಳೆ.

ಈ ವರ್ಷದ ಬೇಸಿಗೆಯಲ್ಲಿ ಮಾನ್ವಿಯ ಒಂದು ಓಣಿಯಲ್ಲಿ ದಾಳಿಯಾಯಿತು. ಜೀಪಿನ ಹಿಂದೆ ಆಂಬುಲೆನ್ಸ್ ಇತ್ತು, ಅದರಲ್ಲಿ ಜಬೀನ್ ಇದ್ದಳು, ಅವಳ ಪಕ್ಕದಲ್ಲಿ ಚೀಲ ಅವಚಿಕೊಂಡು ಸೂಗಮ್ಮ. ಮೂಕಪ್ಪನೂ ಬಂದಿದ್ದ. ಅವನು ಈಗ ಮತ್ತೆ ಹತ್ತಿ ಮಿಲ್ಲಿನಲ್ಲಿ ಹಮಾಲಿ, ಅವತ್ತು ರಜೆ.

ಸೇಂದಿ ಮಾರುತ್ತಿದ್ದ ಹೆಂಗಸಿನ ಹೆಸರು ಮೌನೇಶ್ವರಿ. ಮೂವತ್ತೈದರ ಒಳಗಿನವಳು. ಉರುಳಿದ ಬಿಂದಿಗೆಗಳ ನಡುವೆ ಕಟ್ಟೆಯ ಮೇಲೆ ಮೊಣಕಾಲಿಗೆ ಮುಖ ಒತ್ತಿಕೊಂಡು ಕುಳಿತಿದ್ದಳು. ಅಬಕಾರಿಯವರು ಕೇಳಿದರೂ ಇಲ್ಲ, ಜಬೀನ್ ಕೇಳಿದರೂ ಇಲ್ಲ, ಬಾಯಿಯೇ ಬಿಡುತ್ತಿಲ್ಲ. ಸೂಗಮ್ಮ ಎಲ್ಲರನ್ನೂ ದೂರ ಕಳಿಸಿ ಅವಳ ಪಕ್ಕದಲ್ಲಿ ಕುಳಿತಳು. ಎಲೆ ಮಡಚಿ ಕೊಟ್ಟಳು, ಅವಳು ತೆಗೆದುಕೊಳ್ಳಲಿಲ್ಲ. ತಾನು ಹಾಕುತ್ತಿದ್ದದ್ದು ಗಿಡ ಸೇಂದಿ, ಪುಡಿಗಿಡಿ ತನಗೆ ಗೊತ್ತಿಲ್ಲ ಎಂದು ಗೊಣಗಿದಳು. ಸೂಗಮ್ಮನಿಗೆ ತನ್ನ ಹಳೆಯ ದನಿಯನ್ನೇ ಕೇಳಿದಂತಾಯಿತು.

ಅಷ್ಟರಲ್ಲಿ ಮೂಕಪ್ಪ ಮೂಲೆಯ ಹೋಟೆಲಿನಿಂದ ಚಹಾ ತಂದ. ಎರಡೂ ಕೈಯಲ್ಲಿ ಒಂದೊಂದು ಕಪ್ಪು ಬಸಿ. ಅಂಚಿನವರೆಗೆ ತುಂಬಿದ ಚಹಾ. ಓಣಿಯ ಉದ್ದಕ್ಕೂ ಉರುಳಿದ ಬಿಂದಿಗೆ ದಾಟಿ, ಗಟಾರ ದಾಟಿ, ಜನರನ್ನು ಸರಿಸಿಕೊಂಡು ನಡೆದು ಬಂದು ಮೌನೇಶ್ವರಿಯ ಮುಂದೆ ಹಿಡಿದ.

“ಇವ ನನ್ನ ತಮ್ಮ,” ಎಂದಳು ಸೂಗಮ್ಮ. “ದಿನಕ್ಕ ಏಳು ಗಿಲಾಸು ಕುಡೀತಿದ್ದ. ಹಾಕ್ತಿದ್ದಾಕಿ ನಾನ.”

ಮೌನೇಶ್ವರಿ ತಲೆ ಎತ್ತಿದಳು. ಅವನ ಕೈ ನೋಡಿದಳು. ಆಮೇಲೆ ಬಸಿ ನೋಡಿದಳು. ಬಸಿ ಒಣಗಿತ್ತು, ಒಂದು ಹನಿಯೂ ಬಿದ್ದಿರಲಿಲ್ಲ. ಅವಳ ಮನೆಯಲ್ಲಿ ಯಾರ ಕೈ ನಡುಗುತ್ತಿತ್ತೋ ಏನೋ, ಆ ಒಣ ಬಸಿಯನ್ನೇ ಬಹಳ ಹೊತ್ತು ನೋಡುತ್ತ ಕುಳಿತಳು.

ಸೂಗಮ್ಮ ಚೀಲದಿಂದ ಜರ್ಮನ್ ಗಿಲಾಸನ್ನು ತೆಗೆದು ಕಟ್ಟೆಯ ಮೇಲೆ ಇಟ್ಟಳು.

“ಇದು ನಂದು. ನಿಂದು ತಾ, ತಂಗಿ.”

ಮೌನೇಶ್ವರಿ ಎದ್ದು ಒಳಗೆ ಹೋಗಿ ತನ್ನ ಗಿಲಾಸನ್ನು ತಂದು ಅದರ ಪಕ್ಕದಲ್ಲಿ ಇಟ್ಟಳು, ಮತ್ತು ತನ್ನ ಗಿರಾಕಿಗಳ ಹೆಸರು ಹೇಳಲು ಶುರು ಮಾಡಿದಳು.